ಗಮೇ ವೈನುಗಳನ್ನು ಸಾಲಾಗಿಟ್ಟು ಸವಿದಾಗ

ಗಮೇ ದ್ರಾಕ್ಷಿಯ ಕೆಂಪು ವೈನ್ ಎಂದರೆ ಹಗುರ, ಹಣ್ಣಿನ ಘಮದ್ದು, ತಣ್ಣಗೆ ಕುಡಿದು ಮರೆತುಬಿಡುವಂಥದ್ದು ಎಂಬ ಮಾತು ಬೇರೂರಿಬಿಟ್ಟಿದೆ. ನಾನು ಇದನ್ನು ಒಪ್ಪುವುದಿಲ್ಲ. ಬೇರೆ ಬೇರೆ ಊರುಗಳ ಗಮೇಯನ್ನು ಒಂದೇ ಮೇಜಿನ ಮೇಲೆ ಸಾಲಾಗಿಟ್ಟು ರುಚಿ ನೋಡುವುದನ್ನು ವರ್ಷಗಳಿಂದ ರೂಢಿಸಿಕೊಂಡಿದ್ದೇನೆ. ಒಂದೇ ಬಾಟಲಿ ತೆರೆದು ಕುಡಿದಾಗ ಗಮನಕ್ಕೆ ಬರುವುದು ಚೆರ್ರಿ, ರಾಸ್ಪ್‌ಬೆರಿಗಳಷ್ಟೇ. ಪಕ್ಕದಲ್ಲಿ ಇನ್ನೊಂದು ಗ್ಲಾಸ್ ಇದ್ದಾಗಲೇ ಹಣ್ಣಿನ ಹಿಂದೆ ಅಡಗಿರುವ ಹುಳಿ, ಒಗರು, ಮಣ್ಣಿನ ಛಾಯೆ ಬೇರೆ ಬೇರೆಯಾಗಿ ಎದ್ದು ಬರುತ್ತವೆ.

ಬಾಟಲಿಗಳನ್ನು ಆರಿಸುವಾಗ ನಾನು ಪಾಲಿಸುವ ಕಟ್ಟುನಿಟ್ಟಿನ ನಿಯಮ ಒಂದೇ: ಎಲ್ಲವೂ ಒಂದೇ ವರ್ಷದ ಸುಗ್ಗಿಯದಾಗಿರಬೇಕು. ವರ್ಷ ಬೇರೆಯಾದರೆ ಬಿಸಿಲಿನ ವ್ಯತ್ಯಾಸವನ್ನೇ ಊರಿನ ವ್ಯತ್ಯಾಸವೆಂದು ತಿಳಿದುಬಿಡುತ್ತೇವೆ. ಫ್ರಾನ್ಸಿನ ಲಿಯೋನ್ ನಗರದ ಉತ್ತರಕ್ಕೆ ಹರಡಿರುವ ಬೋಜೊಲೆ ಪ್ರದೇಶವೇ ಗಮೇಯ ಮುಖ್ಯ ನೆಲೆ. ಅಲ್ಲಿಂದ ಒಂದು ಸಾಧಾರಣ ಬೋಜೊಲೆ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ದರ್ಜೆಯ ಒಂದು ಬೋಜೊಲೆ ವಿಲಾಜ್, ಜೊತೆಗೆ ಮೂರು ಕ್ರೂ ವೈನುಗಳು ಇದ್ದರೆ ಒಂದು ಸಂಜೆಗೆ ಧಾರಾಳವಾಯಿತು. ಕ್ರೂ ಎಂದರೆ ತಮ್ಮ ಹೆಸರಿನಲ್ಲೇ ವೈನ್ ಮಾರುವ ಹಕ್ಕುಳ್ಳ ಹತ್ತು ಪ್ರದೇಶಗಳು: ಸೆಂತಾಮೂರ್, ಜೂಲಿಯೆನಾ, ಶೆನಾ, ಮೂಲಾಂ ಆ ವಾಂ, ಫ್ಲೂರಿ, ಶಿರೂಬ್ಲ್, ಮೊರ್ಗಾನ್, ರೆನ್ಯೆ, ಬ್ರೂಯಿ, ಕೋಟ್ ದ ಬ್ರೂಯಿ. ಇವುಗಳಲ್ಲಿ ರೆನ್ಯೆಗೆ ಆ ಮನ್ನಣೆ ಸಿಕ್ಕಿದ್ದು 1988ರಲ್ಲಿ. ಕ್ರೂ ಬಾಟಲಿಗಳ ಚೀಟಿಯ ಮೇಲೆ ದ್ರಾಕ್ಷಿಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ, ಎಷ್ಟೋ ಸಲ ಬೋಜೊಲೆ ಎಂಬ ಹೆಸರೂ ಕಾಣುವುದಿಲ್ಲ. ಆದ್ದರಿಂದ ಈ ಹತ್ತು ಹೆಸರುಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಗಮೇಗೆ ತಾಪಮಾನದ ವಿಷಯದಲ್ಲಿ ಸಲಿಗೆ ಕೂಡದು. ಹದಿಮೂರು, ಹದಿನಾಲ್ಕು ಡಿಗ್ರಿ ಸೆಲ್ಸಿಯಸ್ ನನಗೆ ಸರಿಹೊಂದಿದೆ. ಅದಕ್ಕಿಂತ ಬೆಚ್ಚಗಾದರೆ ಮದ್ಯಸಾರದ ಘಾಟು ಮೂಗಿಗೆ ಮುಂಚೆ ಬಡಿಯುತ್ತದೆ, ಹಣ್ಣು ಸಪ್ಪೆಯಾಗುತ್ತದೆ. ಫ್ರಿಜ್‌ನಿಂದ ನೇರವಾಗಿ ತೆಗೆದು ಸುರಿದರೆ ಘಮ ಮುಚ್ಚಿಕೊಂಡು ಒಗರು ಮಾತ್ರ ಮುಂದಾಗುತ್ತದೆ. ಗ್ಲಾಸುಗಳೆಲ್ಲ ಒಂದೇ ಆಕಾರದವಾಗಿರಲಿ, ಸುರಿಯುವ ಪ್ರಮಾಣವೂ ಒಂದೇ ಇರಲಿ. ಬಾಟಲಿಗಳಿಗೆ ಕಾಗದ ಸುತ್ತಿ ಅಂಕಿ ಬರೆಯುವ ಕೆಲಸವನ್ನು ಗೆಳತಿಗೆ ಒಪ್ಪಿಸುತ್ತೇನೆ. ಚೀಟಿಯ ಮೇಲೆ ಮೂಲಾಂ ಆ ವಾಂ ಎಂದು ಕಂಡರೆ ನಾಲಿಗೆ ತಾನಾಗಿಯೇ ಗಾಂಭೀರ್ಯವನ್ನು ಹುಡುಕತೊಡಗುತ್ತದೆ. ಇನ್ನು ಗುಟುಕನ್ನು ಉಗುಳಲೇಬೇಕು. ಇಲ್ಲದಿದ್ದರೆ ಸಾಲಿನ ಕೊನೆಯ ಗ್ಲಾಸುಗಳಿಗೆ ನ್ಯಾಯ ಸಿಗುವುದಿಲ್ಲ.

ಮೊದಲ ಸುತ್ತಿನಲ್ಲಿ ಎಲ್ಲವನ್ನೂ ಮೂಸಿ ನೋಡುತ್ತೇನೆ, ಬಾಯಿಗೆ ಹಾಕುವುದಿಲ್ಲ. ಈ ಸುತ್ತು ಹೇಳುವುದು ಹೆಚ್ಚಾಗಿ ವೈನ್ ತಯಾರಿಸಿದವರ ಕೈಯ ಕಥೆಯನ್ನು. ಬೋಜೊಲೆಯಲ್ಲಿ ದ್ರಾಕ್ಷಿಯನ್ನು ಬಿಡಿಸದೆ, ಹಿಂಡದೆ, ಇಡೀ ಗೊಂಚಲುಗಳನ್ನೇ ತೊಟ್ಟಿಗೆ ತುಂಬುವ ಪದ್ಧತಿಯಿದೆ. ಮೇಲಿನ ಭಾರಕ್ಕೆ ತಳದ ಹಣ್ಣುಗಳು ಒಡೆದು ಹುದುಗತೊಡಗುತ್ತವೆ. ಅದರಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡ್ ತೊಟ್ಟಿಯನ್ನೆಲ್ಲ ಆವರಿಸಿದಾಗ, ಮೇಲಿರುವ ಇಡೀ ಹಣ್ಣುಗಳ ಒಳಗೇ ಸಕ್ಕರೆ ಸ್ವಲ್ಪ ಮಟ್ಟಿಗೆ ಮದ್ಯಸಾರವಾಗುತ್ತದೆ, ಹಣ್ಣಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲವೂ ಕಡಿಮೆಯಾಗುತ್ತದೆ. ಸಿಪ್ಪೆ ಬೀಜಗಳಿಂದ ಒಗರು ಹೆಚ್ಚು ಇಳಿಯುವ ಮೊದಲೇ ಹಣ್ಣಿನ ಘಮ ಸಿದ್ಧವಾಗಿರುತ್ತದೆ. ನವೆಂಬರ್ ತಿಂಗಳ ಮೂರನೆಯ ಗುರುವಾರ ಮಾರುಕಟ್ಟೆಗೆ ಬರುವ ಬೋಜೊಲೆ ನೂವೋ ವೈನಿನಲ್ಲಿ ಮೂಗಿಗೆ ಬಡಿಯುವ ಬಾಳೆಹಣ್ಣಿನ ವಾಸನೆ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರಿನದು, ಅಂದರೆ ಹುದುಗುವಾಗ ಹುಟ್ಟುವ ಘಮದ ರಾಸಾಯನಿಕದ್ದು. ಇದು ಮಣ್ಣಿನಿಂದ ಬಂದದ್ದಲ್ಲ. ಬಾಳೆಹಣ್ಣು ಜೋರಾಗಿದ್ದರೆ ಪುಸ್ತಕದಲ್ಲಿ ‘ಪದ್ಧತಿ’ ಎಂದು ಗುರುತು ಹಾಕಿ ಮುಂದೆ ಹೋಗುತ್ತೇನೆ. ಮೂಗಿನ ಮಾತನ್ನೇ ನಂಬಿ ಗಮೇಯನ್ನು ಅಳೆಯುವವರು ಬಹುಮಟ್ಟಿಗೆ ತೊಟ್ಟಿಯನ್ನು ಅಳೆಯುತ್ತಿರುತ್ತಾರೆ ಎಂಬುದು ನನ್ನ ಬಲವಾದ ಅಭಿಪ್ರಾಯ.

ನೆಲ ಮಾತಾಡುವುದು ಗುಟುಕಿನ ಕೊನೆಯಲ್ಲಿ. ಒಂದು ಸಾಲಿನಲ್ಲಿ ಫ್ಲೂರಿ ಮತ್ತು ಮೂಲಾಂ ಆ ವಾಂ ಅಕ್ಕಪಕ್ಕ ಬಂದಿದ್ದವು. ಇವೆರಡೂ ನೆರೆಯ ಪ್ರದೇಶಗಳು, ಎರಡರಲ್ಲೂ ನಸುಗೆಂಪು ಗ್ರಾನೈಟ್ ಪುಡಿಯಾಗಿ ಆದ ಮಣ್ಣಿದೆ. ಮೂಲಾಂ ಆ ವಾಂ ನೆಲದಲ್ಲಿ ಮ್ಯಾಂಗನೀಸ್ ಅಂಶವೂ ಇದೆ. ಫ್ಲೂರಿಯನ್ನು ಬಾಯಿಗೆ ತೆಗೆದುಕೊಂಡಾಗ ಹೂವಿನ ಘಮ ನಾಲಿಗೆಯ ಮೇಲೆಲ್ಲ ಹರಡಿತು, ಒಗರು ರೇಷ್ಮೆಯಂತೆ ನುಣುಪಾಗಿ ಜಾರಿಹೋಯಿತು, ಉಗುಳಿದ ಬಳಿಕ ಉಳಿದದ್ದು ತೆಳ್ಳನೆಯ ಹುಳಿ. ಪಕ್ಕದ ಗ್ಲಾಸ್ ಆರಂಭದಲ್ಲಿ ಮೌನವಾಗಿಯೇ ಇತ್ತು. ಗುಟುಕು ಹೋದ ನಂತರ ಮೇಲಿನ ಒಸಡಿಗೂ ತುಟಿಗೂ ನಡುವೆ ಒಗರು ಹಿಡಿದುಕೊಂಡಿತು, ಬಹಳ ಹೊತ್ತು ಬಿಡಲಿಲ್ಲ. ಬಣ್ಣವೂ ಒಂದು ಪಟ್ಟು ಗಾಢ. ಮೂಲಾಂ ಆ ವಾಂನಲ್ಲಿ ಕೆಲವರು ಗೊಂಚಲಿನಿಂದ ಹಣ್ಣು ಬಿಡಿಸಿ, ಸಿಪ್ಪೆಯ ಜೊತೆ ಹೆಚ್ಚು ಕಾಲ ನೆನೆಸಿ, ಓಕ್ ಪೀಪಾಯಿಯಲ್ಲಿ ಇಡುತ್ತಾರೆ. ಆದ್ದರಿಂದ ಆ ಹಿಡಿತವನ್ನೆಲ್ಲ ಮಣ್ಣಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಇದನ್ನು ಬೇರ್ಪಡಿಸಲು ಸಾಧ್ಯವಾದಾಗಲೆಲ್ಲ ಎರಡೂ ಊರುಗಳಲ್ಲಿ ತೋಟವಿರುವ ಒಬ್ಬನೇ ತಯಾರಕನ ಬಾಟಲಿಗಳನ್ನು ಹುಡುಕುತ್ತೇನೆ. ಕೈ ಒಂದೇ ಆದಾಗಲೂ ವ್ಯತ್ಯಾಸ ಉಳಿದರೆ ಅದನ್ನು ನೆಲದ್ದೆಂದು ನಂಬಬಹುದು.

ಮೊರ್ಗಾನ್ ಇವೆರಡಕ್ಕಿಂತ ಬೇರೆ ಜಾತಿ. ಅಲ್ಲಿನ ಕೋಟ್ ದು ಪೀ ಗುಡ್ಡದಲ್ಲಿ ಗ್ರಾನೈಟ್ ಬದಲು ನೀಲಿ ಛಾಯೆಯ ಹಳೆಯ ಕಲ್ಲು ಶಿಥಿಲವಾಗಿ ಪುಡಿಯಾಗಿದೆ. ಆ ಇಳಿಜಾರಿನ ವೈನ್ ತೆರೆದ ಕೂಡಲೇ ಬಿಗಿದುಕೊಂಡಿರುತ್ತದೆ. ನಾನು ಅದಕ್ಕೆ ಅವಸರ ಮಾಡುವುದಿಲ್ಲ. ಅರ್ಧ ಬಾಟಲಿಗೆ ಬಿರಡೆ ಹಾಕಿ ತಂಪಿನಲ್ಲಿಟ್ಟು ಮರುದಿನ ಮತ್ತೆ ಸುರಿಯುತ್ತೇನೆ. ಸಾಧಾರಣ ಬೋಜೊಲೆಯಲ್ಲಿ ಹಣ್ಣು ಅಷ್ಟರಲ್ಲಿ ಬಾಡಿರುತ್ತದೆ. ಒಳ್ಳೆಯ ಮೊರ್ಗಾನ್‌ನಲ್ಲಿ ಕಪ್ಪು ಚೆರ್ರಿ, ಒದ್ದೆ ಕಲ್ಲಿನ ವಾಸನೆ ಆಗ ತೆರೆದುಕೊಳ್ಳುತ್ತದೆ. ಮರುದಿನದ ಈ ಗ್ಲಾಸಿಗಿಂತ ದೊಡ್ಡ ಪರೀಕ್ಷೆಯನ್ನು ನಾನು ಕಂಡಿಲ್ಲ.

1395ರಲ್ಲಿ, ಬೋಜೊಲೆಯ ಉತ್ತರಕ್ಕಿರುವ ಬರ್ಗಂಡಿಯ ಡ್ಯೂಕ್ ಫಿಲಿಪ್ ತನ್ನ ಸೀಮೆಯಿಂದ ಗಮೇ ಬಳ್ಳಿಗಳನ್ನು ಕಿತ್ತುಹಾಕುವಂತೆ ಆಜ್ಞೆ ಹೊರಡಿಸಿದ, ಅದನ್ನು ಕೆಟ್ಟ, ನಂಬಿಕೆಗೆ ಅರ್ಹವಲ್ಲದ ಬಳ್ಳಿಯೆಂದು ಜರೆದ. ಅವನ ಕಣ್ಣಿಗೆ ಪಿನೋ ನ್ವಾರ್ ಒಂದೇ ಯೋಗ್ಯ ದ್ರಾಕ್ಷಿ. ವಂಶವಾಹಿ ಪರೀಕ್ಷೆಯಿಂದ ಈಗ ಗೊತ್ತಾಗಿರುವ ಪ್ರಕಾರ ಗಮೇ ಪಿನೋ ಮತ್ತು ಗ್ವೇ ಬ್ಲಾಂ ತಳಿಗಳ ಮಗು, ಅಂದರೆ ಬಿಳಿ ವೈನಿನ ಹೆಸರಾಂತ ದ್ರಾಕ್ಷಿ ಶಾರ್ಡೊನೆಯ ಒಡಹುಟ್ಟು. ಬರ್ಗಂಡಿಯಲ್ಲಿರುವಂಥ ಸುಣ್ಣಕಲ್ಲಿನ ನೆಲದಲ್ಲಿ ಗಮೇ ಅಷ್ಟೇನೂ ಹೊಳೆಯುವುದಿಲ್ಲ ಎನ್ನುವುದು ನಿಜವೇ. ಗ್ರಾನೈಟ್ ನೆಲದಲ್ಲಿ ಅದರ ಸತ್ವ ಬೇರೆ. ಡ್ಯೂಕನ ತೀರ್ಪನ್ನು ಇಡೀ ತಳಿಗೆ ಅಂಟಿಸಿದ್ದು ಅನ್ಯಾಯ ಎಂದೇ ನನ್ನ ನಿಲುವು.

ಊರಿನ ಹೋಲಿಕೆ ಕೈಗೂಡಿದ ಮೇಲೆ ವರ್ಷದ ಹೋಲಿಕೆಗೆ ಇಳಿಯಬಹುದು. ಅದಕ್ಕೆ 2020 ಮತ್ತು 2021 ಹೇಳಿ ಮಾಡಿಸಿದ ಜೋಡಿ. 2020 ಬಿಸಿಯ ವರ್ಷ, ಕೊಯ್ಲು ಆಗಸ್ಟ್‌ನಲ್ಲೇ ಆರಂಭವಾಗಿತ್ತು. 2021ರಲ್ಲಿ ವಸಂತದ ಹಿಮ, ಆಮೇಲೆ ತಂಪು, ಮಳೆ. ಒಂದೇ ತೋಟದ ಈ ಎರಡು ವರ್ಷಗಳನ್ನು ಎದುರುಬದುರು ಇಟ್ಟಾಗ ಮೊದಲನೆಯದು ದಟ್ಟ, ಮಾಗಿದ ಹಣ್ಣು, ಗಟ್ಟಿ ಮೈ. ಎರಡನೆಯದು ತಿಳಿ, ಹುಳಿ ಚುರುಕು, ಮದ್ಯಸಾರವೂ ಕಡಿಮೆ. ಬಹಳ ಜನ 2020ರ ಕಡೆ ವಾಲುತ್ತಾರೆ. ನನಗೆ 2021 ಹೆಚ್ಚು ಹಿಡಿಸಿತು, ಗಮೇಯ ಚೈತನ್ಯ ಇರುವುದೇ ಆ ಹುಳಿಯಲ್ಲಿ.

ಬೋಜೊಲೆಯ ಹೊರಗೂ ಕೈ ಚಾಚಿದ್ದೇನೆ. ಲ್ವಾರ್ ನದಿಯ ಕಡೆಯ ತುರೇನ್ ಗಮೇಯಲ್ಲಿ ನನಗೆ ಸಿಗುವುದು ಮೆಣಸಿನ ಖಾರ, ಹಸಿರು ಎಲೆಯ ಛಾಯೆ. ಅಮೆರಿಕದ ಓರೆಗನ್‌ನಲ್ಲೂ ಕೆನಡಾದ ನಯಾಗರಾದಲ್ಲೂ ಅಸಲಿ ಗಮೇ ಬೆಳೆಯುತ್ತಾರೆ. ಕ್ಯಾಲಿಫೋರ್ನಿಯಾದ ಹಳೆಯ ಬಾಟಲಿಗಳಲ್ಲಿ ‘ನಾಪಾ ಗಮೇ’ ಎಂದಿದ್ದರೆ ಅದು ವಾಲ್ದಿಗಿಯೆ ಎಂಬ ಬೇರೆಯೇ ದ್ರಾಕ್ಷಿ. ಅದನ್ನು ಸಾಲಿಗೆ ಸೇರಿಸಿ ಪ್ರಯೋಜನವಿಲ್ಲ.

ಮುಂದಿನ ಸಾಲಿಗೆ ಬ್ರೂಯಿ ಮತ್ತು ಕೋಟ್ ದ ಬ್ರೂಯಿಗಳನ್ನು ಆರಿಸಿಟ್ಟಿದ್ದೇನೆ. ಒಂದು ಬ್ರೂಯಿ ಬೆಟ್ಟದ ಸುತ್ತಲಿನ ನೆಲದ್ದು, ಇನ್ನೊಂದು ಅದೇ ಬೆಟ್ಟದ ಇಳಿಜಾರಿನದು. ಎರಡೂ ಒಂದೇ ವರ್ಷದವು, ಒಬ್ಬನೇ ತಯಾರಕನವು.