ಮರೆ ಬೇರೆ, ತಡೆ ಬೇರೆ: ಹೊಲದಂಚಿನ ಮನೆಗೆ ಗುಂಡು ಹಾರಿಬಂದರೆ

ಹೊಳಲ್ಕೆರೆ, ಹೊಸದುರ್ಗದ ಕಡೆ ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿಗೆ ಹಂದಿ ಕಾಯಲು ಕೋವಿಗಳೂ ಹೊಲಕ್ಕೆ ಬರುತ್ತವೆ. ಕತ್ತಲಲ್ಲಿ ಢಂ ಎಂದರೆ ನಾವು ಕಣ್ಣಿಗೆ ಮರೆಯಾಗುವ ಜಾಗಕ್ಕೆ ಓಡುತ್ತೇವೆ. ಆದರೆ ಮರೆಯಾದದ್ದೆಲ್ಲ ಗುಂಡಿಗೆ ತಡೆಯಾಗುವುದಿಲ್ಲ.

ಹನ್ನೆರಡು ಬೋರ್ (ನಳಿಗೆಯ ಅಗಲದ ಅಳತೆ) ಕೋವಿಯ ತೋಟಾದಲ್ಲಿ ಸಾಮಾನ್ಯವಾಗಿ ಸೀಸದ ಚರೆಗಳು, ಅಂದರೆ ಪುಟ್ಟ ಗುಂಡುಗಳು ಇರುತ್ತವೆ. ಹಕ್ಕಿಗೆ ಹೊಡೆಯುವ ಸಣ್ಣ ಚರೆ ಸುಮಾರು 2.5 ಮಿ.ಮೀ. ದಪ್ಪ, ದೊಡ್ಡ ಪ್ರಾಣಿಗೆಂದು ಮಾಡಿದ ಎಲ್.ಜಿ. ಚರೆ ಸುಮಾರು 9 ಮಿ.ಮೀ. ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ 350ರಿಂದ 400 ಮೀಟರ್. ಸಣ್ಣ ಚರೆ ಗಾಳಿಯಲ್ಲೇ ಬೇಗ ಸೋಲುತ್ತದೆ. ಹತ್ತಿರದಿಂದ ಹಾರಿಸಿದರೆ ಮಾತ್ರ ಚರೆಗಳೆಲ್ಲ ಒತ್ತೊತ್ತಾಗಿ ಬಂದು ಒಂದೇ ಮುದ್ದೆಯಂತೆ ಬಡಿಯುತ್ತವೆ.

ಮೊದಲು ನೆಲಕ್ಕೆ ಮಲಗಿ, ಮಕ್ಕಳನ್ನೂ ಮಲಗಿಸಿ. ದೀಪ ಆರಿಸಲೆಂದು ಎದ್ದು ನಿಲ್ಲಬೇಡಿ. ತೆವಳುತ್ತಲೇ ಕಿಟಕಿ, ಬಾಗಿಲುಗಳ ನೇರದಿಂದ ಸರಿಯಿರಿ.

ಮುಂದಿನದು ಜಾಗದ ಆಯ್ಕೆ. ಕಬ್ಬಿಣದ ಬೀರುವನ್ನು ನಂಬಬೇಡಿ: ಅದರ ತಗಡು ಒಂದು ಮಿ.ಮೀ.ಗಿಂತ ತೆಳುವು, ಹತ್ತಿರದಿಂದ ಬಂದ ಎಲ್.ಜಿ. ಚರೆ ಎರಡೂ ಬದಿ ತೂತು ಮಾಡುತ್ತದೆ. ಫ್ರಿಜ್ ಅಂದರೆ ತಗಡು ಮತ್ತು ಫೋಮ್, ಅಷ್ಟೇ. ಸೋಫಾ, ಹಾಸಿಗೆ, ಪ್ಲೈವುಡ್ ಬಾಗಿಲುಗಳದೂ ಇದೇ ಕಥೆ. ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆ ಚರೆಯನ್ನು ತಡೆದರೂ, ಒಂಟಿ ಗುಂಡಿನ ತೋಟಾ ಅದನ್ನು ಒಡೆಯಬಲ್ಲದು.

ನಿಜವಾದ ತಡೆ ಭಾರವೂ ದಪ್ಪವೂ ಆಗಿರಬೇಕು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಕಲ್ಲಿನ ಗೋಡೆ ಒಳ್ಳೆಯವು. ಚಿತ್ರದುರ್ಗದ ಹಳೆಯ ಮಣ್ಣಿನ ಮಾಳಿಗೆ ಮನೆ ಇನ್ನೂ ಉಳಿದಿದ್ದರೆ ಅದರ ಒಂದೂವರೆ, ಎರಡಡಿ ಗೋಡೆಯನ್ನು ಗೌರವದಿಂದ ನೋಡಿ. ಹಿರಿಯರು ಬಿಸಿಲಿಗೆಂದು ಕಟ್ಟಿದ ಆ ಮಣ್ಣು ಚರೆಯನ್ನು ಹೊಟ್ಟೆಯೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಗೋಡೆ ತೆಳುವಾಗಿದ್ದರೆ ಅದಕ್ಕೊತ್ತಿ ಜೋಳ ತುಂಬಿದ ಚೀಲಗಳನ್ನು ಎರಡು ಸಾಲು ಪೇರಿಸಿಡಿ. ಕಾಳು ಕಾಳಿಗೆ ಉಜ್ಜುತ್ತಾ ಚರೆಯ ವೇಗವನ್ನು ನುಂಗುತ್ತದೆ. ಮರಳಿನ ಚೀಲ ಇನ್ನೂ ಗಟ್ಟಿ. ಇನ್ನೂರು ಲೀಟರಿನ ಡ್ರಮ್ ಕಂಠಮಟ್ಟ ತುಂಬಿದ್ದರೆ ನೀರೂ ಚರೆಯನ್ನು ನಿಲ್ಲಿಸುತ್ತದೆ, ಖಾಲಿ ಡ್ರಮ್ ಬರೀ ಪರದೆ. ಇವನ್ನೆಲ್ಲ ಕೋವಿ ಹಾರಿಸಿ ಪರೀಕ್ಷಿಸಲು ದಯವಿಟ್ಟು ಹೋಗಬೇಡಿ; ಕಲ್ಲಿಗೆ ಬಡಿದ ಚರೆ ಎತ್ತ ಸಿಡಿಯುತ್ತದೆಂದು ಹೇಳಲಾಗದು.

ಸದ್ದು ನಿಂತರೂ ಹೊರಗೆ ಇಣುಕದೆ, ಮಲಗಿದಲ್ಲಿಂದಲೇ 112ಕ್ಕೆ ಕರೆ ಮಾಡಿ. ಯಾರಿಗಾದರೂ ತಗುಲಿದ್ದರೆ ಶುದ್ಧ ಬಟ್ಟೆ ಒತ್ತಿ ಹಿಡಿದು 108 ಕರೆಸಿ. ಒಳಗೆ ಸಿಕ್ಕಿಕೊಂಡ ಚರೆಯನ್ನು ಮನೆಯಲ್ಲಿ ಕೀಳಬೇಡಿ, ಅದು ವೈದ್ಯರ ಕೆಲಸ.