ಮೀನಿಗೆ ಹಾಕಿದ ಗಾಳ ನನಗೇ ಸಿಕ್ಕಾಕ್ಕೊಂಡಾಗ ಏನ್ ಮಾಡ್ದೆ

ಫ್ಲೈ ಫಿಶಿಂಗ್ ಅಂದ್ರೆ ಎರೆಹುಳ ಸಿಕ್ಸಿ ದಂಡೆ ಮೇಲೆ ಕೂತು ಕಾಯೋದಲ್ಲ, ಪುಕ್ಕ ದಾರ ಸುತ್ತಿ ಹುಳದ ಥರ ಮಾಡಿರೋ ಗಾಳನ (ಇದಕ್ಕೇ ಫ್ಲೈ ಅನ್ನೋದು) ತಲೆ ಮೇಲೆ ಹಿಂದೆ ಮುಂದೆ ಬೀಸಿ ಬೀಸಿ ನೀರಿಗೆ ಬಿಡೋದು. ಅಂದ್ರೆ ಬೀಸಿದ ಪ್ರತಿ ಸಲ ಒಂದು ಚೂಪಾದ ಹುಕ್ ಕಿವಿ ಪಕ್ಕದಲ್ಲೇ ಹಾದು ಹೋಗ್ತಿರತ್ತೆ. ಕಬ್ಬನ್ ಪಾರ್ಕಿನ ಹುಲ್ಲಲ್ಲಿ ಹುಕ್ ಬದ್ಲು ಉಲ್ಲನ್ ದಾರ ಕಟ್ಕೊಂಡು ಪ್ರಾಕ್ಟೀಸ್ ಮಾಡ್ತಿದ್ದಾಗ ಇದು ನನ್ನ ತಲೆಗೇ ಹೋಗಿರ್ಲಿಲ್ಲ.

ಮಾಗಡಿ ರೋಡ್ ಕಡೆ ಗೆಳೆಯನ ತೋಟ ಇದೆ, ಅಲ್ಲಿ ಕೃಷಿ ಹೊಂಡದಲ್ಲಿ ಜಿಲೇಬಿ ಮೀನು ಬಿಟ್ಟಿದಾರೆ, ಚೆನ್ನಾಗಿ ಫ್ಲೈ ಹಿಡಿಯತ್ತೆ. ಹೋಗಿದ್ದು ಆಷಾಢದಲ್ಲಿ. ಆ ಗಾಳಿ ಹೆಂಗಿರತ್ತೆ ಅಂತ ಹೇಳ್ಬೇಕಿಲ್ಲ ಅಲ್ವಾ. ನಾನು ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದೆ, ಬಲಗೈಲಿ ಬೀಸ್ತಿದ್ದೆ, ಗಾಳಿನೂ ಬಲಗಡೆಯಿಂದ್ಲೇ, ಅದು ಲೈನನ್ನ ಸೀದಾ ಮೈ ಮೇಲೇ ತಳ್ಳತ್ತೆ. ಮೂರನೇ ಸಲಕ್ಕೇ 8ನೇ ನಂಬರಿನ ಹುಕ್ಕು, ತಲೆಗೆ ಹಿತ್ತಾಳೆ ಮಣಿ ಬೇರೆ ಇತ್ತು, ಠಪ್ ಅಂತ ತೋಳಿನ ಹಿಂಭಾಗಕ್ಕೆ ಹೊಕ್ತು. ನಾನು ಮಾಡಿದ ಮೊದಲ ದಡ್ಡತನ ಅಂದ್ರೆ ಬಂದ ದಾರಿಲೇ ಎಳೆಯಕ್ಕೆ ಹೋಗಿದ್ದು. ಬರಲ್ಲ! ಮೊನೆ ಹತ್ರ ಹಿಮ್ಮುಖವಾಗಿ ಒಂದು ಸಣ್ಣ ಮುಳ್ಳಿರತ್ತಲ್ಲ ಬಾರ್ಬ್ ಅಂತ, ಎಳೆದಷ್ಟೂ ಅದು ಮಾಂಸಕ್ಕೆ ಕಚ್ಕೊಳ್ಳತ್ತೆ.

ಹುಕ್ಕಿಗೆ ದಾರ ಸುತ್ತಿ ಜಗ್ಗಿ ತೆಗೆಯೋ ಉಪಾಯ ನಂಗೆ ಗೊತ್ತಿತ್ತು, ಆದ್ರೆ ತೋಳಿನ ಹಿಂದೆ ನನ್ನ ಕೈ ಎಟಕಲ್ಲ, ಗೆಳೆಯನೇ ಮಾಡ್ಬೇಕಾಯ್ತು. ಮೊದಲು ಲೈನ್ ಕತ್ತರಿಸಿದ್ವಿ, ಇಲ್ದಿದ್ರೆ ರಾಡ್ ಅಲ್ಲಾಡಿದಾಗೆಲ್ಲ ಪ್ರಾಣ ಹೋಗತ್ತೆ. ಆಮೇಲೆ ಒಂದೂವರೆ ಅಡಿ ಗಟ್ಟಿ ನೈಲಾನ್ ದಾರ (ತುದಿಗೆ ಕಟ್ಟೋ ತೆಳು ದಾರ ಬೇಡ, ಪಟ್ ಅನ್ನತ್ತೆ) ಹುಕ್ ಬಾಗಿರೋ ಜಾಗಕ್ಕೆ ಸುತ್ತಿ, ಎರಡೂ ತುದಿ ಅವನ ಕೈಗೆ ಸುತ್ಕೊಂಡ. ಇನ್ನೊಂದು ಕೈ ಬೆರಳಿಂದ ಹುಕ್ಕಿನ ಉದ್ದ ಕಡ್ಡಿನ, ದಾರ ಕಟ್ಟೋ ಕಣ್ಣಿನ ಕಡೆ, ಚರ್ಮಕ್ಕೆ ಒತ್ತಿ ಹಿಡೀಬೇಕು. ಇದೇ ಮುಖ್ಯ, ಒತ್ತಿದಾಗ ಒಳಗಡೆ ಬಾರ್ಬ್ ಮಾಂಸದಿಂದ ಬಿಡಿಸ್ಕೊಳ್ಳತ್ತೆ. ಆಗ ಚರ್ಮಕ್ಕೆ ಸಮನಾಗಿ, ಮೇಲಕ್ಕಲ್ಲ, ಒಂದೇ ಏಟಿಗೆ ಜಗ್ಗೋದು. ಅವನು ಪಾಪ ನೋವಾಗತ್ತೆ ಅಂತ ಮೆಲ್ಲಗೆ ಎಳೆದ, ಅದಕ್ಕೇ ಜಾಸ್ತಿ ನೋವಾಯ್ತು. "ಲೋ, ಧೈರ್ಯ ಇದ್ರೆ ಜೋರಾಗ್ ಎಳಿ, ಇಲ್ಲಾಂದ್ರೆ ಬಿಡು ಮಗಾ" ಅಂದೆ. ಎರಡನೇ ಸಲ ಜಗ್ಗಿದ್ದು ನಂಗೆ ಗೊತ್ತೇ ಆಗ್ಲಿಲ್ಲ, ಹುಕ್ ಹಾರ್ಕೊಂಡು ಹೋಗಿ ಬಾಳೆಗಿಡದ ಬುಡದಲ್ಲಿ ಬಿತ್ತು. ಹಂಗಾಗೇ ಎದುರಿಗೆ ಯಾರೂ ನಿಂತಿರ್ಬಾರ್ದು, ಎಳೆಯೋರು ಕನ್ನಡಕ ಹಾಕಿರ್ಬೇಕು.

ಬೋರ್ ನೀರಲ್ಲಿ ಸೋಪ್ ಹಾಕಿ ತೊಳೆದು ಮತ್ತೆ ಮೀನು ಹಿಡಿಯಕ್ಕೆ ನಿಂತೆ, ತಪ್ಪು. ಮಾರನೇ ದಿನ ಸುತ್ತ ಕೆಂಪಾಗಿ ಬಿಸಿ ಆಯ್ತು. ಹೊಂಡ, ಕೆರೆ ನೀರಲ್ಲಿ ಏರೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಇರತ್ತಂತೆ, ಒಂದೇ ದಿನದಲ್ಲಿ ಗಾಯ ಕೆಡಿಸ್ಬಹುದು ಅಂತ ಡಾಕ್ಟ್ರು ಹೇಳಿದ್ರು. ಪೆನ್ನಲ್ಲಿ ಕೆಂಪಿನ ಸುತ್ತ ಗೆರೆ ಎಳೆದು, ಇದು ದಾಟಿದ್ರೆ ಅಥವಾ ಜ್ವರ ಬಂದ್ರೆ ತಕ್ಷಣ ಬನ್ನಿ ಅಂದ್ರು, ಆಂಟಿಬಯೋಟಿಕ್ ಕೊಟ್ರು. ಟಿಟಿ ಯಾವಾಗ ತಗೊಂಡಿದ್ರಿ ಅಂದ್ರು, ನೆನಪೇ ಇಲ್ಲ. ಇಂಥ ಗಲೀಜು ಗಾಯಕ್ಕೆ, ಕೊನೇ ಡೋಸ್ ಆಗಿ 5 ವರ್ಷ ದಾಟಿದ್ರೆ ಮತ್ತೆ ಚುಚ್ಚಿಸ್ಕೋಬೇಕಂತೆ. ಶುಗರ್ ಇರೋರು ಕಾಯ್ಕೊಂಡೂ ಕೂರ್ಬಾರ್ದು.

ಎರಡನೇ ಸಲದ್ದು ಬೇರೆ ಕಥೆ. ಮೀನಿನ ಬಾಯಿಂದ ಹುಕ್ ತೆಗೀತಿದ್ದೆ, ಅದು ಒದ್ದಾಡಿ ಅದೇ ಹುಕ್ಕು ನನ್ನ ತೋರುಬೆರಳಿನ ಗೆಣ್ಣಿಗೆ ಹೋಯ್ತು, ಆ ಕಡೆ ಮೀನು ಈ ಕಡೆ ನಾನು. ಮೀನು ಒದ್ದಾಡಿದಾಗೆಲ್ಲ ಇನ್ನೂ ಆಳಕ್ಕೆ. ಗೆಳೆಯ ಒದ್ದೆ ಟವಲಲ್ಲಿ ಮೀನನ್ನ ಅದುಮಿ ಹಿಡಿದು ಅದನ್ನ ಬಿಡಿಸಿದ. ದಾರ ತರ್ಲಾ ಅಂದ, ನಾನು ಬೇಡ ಅಂದೆ. ಗೆಣ್ಣಿನ ಹತ್ರ ಕೀಲು, ನರ ಎಲ್ಲ ಇರತ್ತೆ, ಅಲ್ಲಿ ನಮ್ಮ ಪೌರುಷ ತೋರಿಸ್ಬಾರ್ದು. ಕಿವಿ ಹಾಲೆಗೂ ಈ ದಾರದ ಉಪಾಯ ನಡೆಯಲ್ಲ, ಅದು ಅಲ್ಲಾಡೋ ಮಾಂಸ. ಕಣ್ಣಿಗೆ ಆದ್ರಂತೂ ಮುಟ್ಲೇಬೇಡಿ, ಒತ್ತಡ ಬೀಳದ ಹಾಗೆ ಮೇಲೊಂದು ಪೇಪರ್ ಕಪ್ ಮುಚ್ಚಿ ಟೇಪ್ ಹಾಕಿ, ಮಿಂಟೋ ಆಗ್ಲಿ ಯಾವ ಕಣ್ಣಾಸ್ಪತ್ರೆ ಆಗ್ಲಿ, ಸೀದಾ ಹೋಗಿ.

ಕ್ಲಿನಿಕ್ಕಲ್ಲಿ ಡಾಕ್ಟ್ರು ಪುಕ್ಕ ನೋಡಿ "ಇದ್ಯಾವ ಹುಳ ರೀ ಇನ್ನೂ ಕಚ್ಕೊಂಡಿದೆ" ಅಂದ್ರು, ನೋವಲ್ಲೂ ನಗು ಬಂತು. ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಮೊನೆನ ಮುಂದಕ್ಕೇ ತಳ್ಳಿ ಚರ್ಮದಿಂದ ಹೊರಗೆ ತಂದು, ಬಾರ್ಬ್ ಕಟ್ ಮಾಡಿ, ಉಳಿದಿದ್ದನ್ನ ಬಂದ ದಾರಿಲೇ ವಾಪಸ್ ತೆಗೆದ್ರು. ಕಟ್ ಮಾಡಿದ್ದು ನಮ್ಮದೇ ಕಟಿಂಗ್ ಪ್ಲೇಯರಲ್ಲಿ, ಚೆನ್ನಾಗಿ ಸ್ಪಿರಿಟ್ ಹಾಕಿ ಒರೆಸ್ಕೊಂಡು. ಎರೆಹುಳದ ಗಾಳ ಆದ್ರೆ ಕೆಲವರು ಹಿಂದಿನ ಕಣ್ಣು ಕತ್ತರಿಸಿ ಮುಂದಕ್ಕೇ ಎಳೀತಾರೆ, ಫ್ಲೈಗೆ ಹಂಗ್ ಮಾಡಿದ್ರೆ ಕೊಳಕು ಪುಕ್ಕ ಎಲ್ಲ ಗಾಯದೊಳಗಿಂದ ಹಾದು ಹೋಗತ್ತೆ.

ಈಗ ಹೊರಡೋ ಹಿಂದಿನ ರಾತ್ರಿ ಮನೇಲೇ ಎಲ್ಲಾ ಹುಕ್ಕಿನ ಬಾರ್ಬನ್ನೂ ಇಕ್ಕಳದಲ್ಲಿ ಅಮುಕ್ತೀನಿ. ಹಳೇ ಬನಿಯನ್‌ಗೆ ಚುಚ್ಚಿ ಎಳೆದು ನೋಡೋದು, ಎಳೆ ಹಿಡ್ಕೊಂಡ್ರೆ ಇನ್ನೊಂದ್ಸಲ ಅಮುಕೋದು. ಲೈನ್ ಸಡಿಲ ಬಿಟ್ರೆ ಮೀನು ಕೆಲವೊಮ್ಮೆ ತಪ್ಪಿಸ್ಕೊಳ್ಳತ್ತೆ, ಹೋಗ್ಲಿ. ಟೋಪಿ, ಪಕ್ಕನೂ ಮುಚ್ಚೋ ಕನ್ನಡಕ ಇಲ್ದೆ ನೀರ ಹತ್ರ ಹೋಗಲ್ಲ. ಬಲಗಡೆ ಗಾಳಿ ಇದ್ರೆ ನೀರಿಗೆ ಬೆನ್ನು ಹಾಕಿ ನಿಂತು ಹಿಂದಕ್ಕೆ ಬೀಸೋ ಬೀಸಲ್ಲೇ ಫ್ಲೈ ಬಿಡ್ತೀನಿ, ನೋಡೋರಿಗೆ ವಿಚಿತ್ರ ಕಾಣತ್ತೆ. ಹೋದ ತಿಂಗಳು ಮತ್ತೆ ಭುಜಕ್ಕೆ ಚುಚ್ತು. ಗೆಳೆಯ ಓಡಿ ಬಂದು ದಾರ ಬಿಚ್ಚಿ ರೆಡಿ ಮಾಡ್ಕೋತಿದ್ದ, ಅಷ್ಟ್ರಲ್ಲಿ ಎರಡು ಬೆರಳಲ್ಲಿ ಹಿಡಿದು ನಾನೇ ತೆಗೆದೆ. "ಇಷ್ಟೇನಾ" ಅಂದ, ಸ್ವಲ್ಪ ಬೇಜಾರಲ್ಲೇ.