ಫ್ಲೋರೈಡ್ ವಾರ್ನಿಶ್: ಹಚ್ಚಿದ ಮೇಲೆ ಹಲ್ಲಿನಲ್ಲಿ ನಡೆಯುವುದೇನು?

ನಾನು ತುಮಕೂರಿನಲ್ಲಿ ಮಕ್ಕಳ ಹಲ್ಲು ನೋಡುವ ಡಾಕ್ಟರ್. ಪಾವಗಡದ ಕಡೆಯಿಂದ ಬರುವ ತಾಯಂದಿರು ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ. "ಡಾಕ್ಟ್ರೇ, ನಮ್ಮೂರ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಜಾಸ್ತಿ. ಮಗು ಹಲ್ಲಿಗೆ ಮತ್ತೆ ಅದನ್ನೇ ಹಚ್ತೀರಾ?" ನ್ಯಾಯವಾದ ಪ್ರಶ್ನೆ. ಊರಿನ ದೊಡ್ಡವರ ಹಲ್ಲಿನ ಮೇಲೆ ಕಂದು ಪಟ್ಟೆ ನೋಡಿಕೊಂಡೇ ಬೆಳೆದವರು ಅವರು.

ಆ ಪಟ್ಟೆ ಬರುವುದು ಹಲ್ಲು ಇನ್ನೂ ದವಡೆಯೊಳಗೆ ಬೆಳೆಯುತ್ತಿರುವಾಗ, ದಿನಾ ಹೊಟ್ಟೆಗೆ ಹೋಗುವ ಫ್ಲೋರೈಡಿನಿಂದ. ವಾರ್ನಿಶ್ ಅಂದರೆ ಹುಳುಕು ತಡೆಯಲು ಬ್ರಷ್‌ನಿಂದ ಹಲ್ಲಿಗೆ ಹಚ್ಚುವ, ಫ್ಲೋರೈಡ್ ಇರುವ ಅಂಟು ಔಷಧಿ. ಅದು ಕೆಲಸ ಮಾಡುವುದು ಆಗಲೇ ಹುಟ್ಟಿರುವ ಹಲ್ಲಿನ ಮೇಲ್ಮೈಯಲ್ಲಿ. ಔಷಧಿ ಗಟ್ಟಿಯದೇ: 5% ಸೋಡಿಯಂ ಫ್ಲೋರೈಡ್, ಅಂದರೆ ಬರೀ ಫ್ಲೋರೈಡ್ ಲೆಕ್ಕದಲ್ಲಿ 22,600 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 22,600 ಭಾಗ). ಅದಕ್ಕೇ ಹಾಲುಹಲ್ಲಿನ ಮಗುವಿಗೆ 0.25 ಮಿ.ಲೀ. ದಾಟುವುದಿಲ್ಲ, ಅದೂ ಮೂರರಿಂದ ಆರು ತಿಂಗಳಿಗೊಮ್ಮೆ. ಆದರೂ ಮನೆಯಲ್ಲಿ ಕುಡಿಯುವುದು ಯಾವ ನೀರು ಎಂದು ಕೇಳದೆ ನಾನು ಬ್ರಷ್ ಕೈಗೆ ತೆಗೆದುಕೊಳ್ಳುವುದಿಲ್ಲ.

ಚಿಕ್ಕ ಮಗುವಾದರೆ ಅಮ್ಮನೂ ನಾನೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂರುತ್ತೇವೆ. ಮಗು ಅಮ್ಮನ ಮುಖ ನೋಡುತ್ತಾ ನನ್ನ ತೊಡೆ ಮೇಲೆ ತಲೆ ಇಡುತ್ತದೆ. ಮೇಲ್ತುಟಿ ಎತ್ತಿ, ಮುಂದಿನ ಹಲ್ಲನ್ನು ಹತ್ತಿ ಬಟ್ಟೆಯಿಂದ ಒರೆಸುತ್ತೇನೆ. ಒದ್ದೆ ಇದ್ದಾಗ ಕಾಣದ ಬಿಳಿ ಗೆರೆ, ಒಣಗಿದ ಕೂಡಲೇ ಒಸಡಿನ ಅಂಚಿನಲ್ಲಿ ಸುಣ್ಣ ಬಳಿದಂತೆ ಎದ್ದು ಕಾಣುತ್ತದೆ. ಹುಳುಕು ಶುರುವಾಗುವುದು ಅಲ್ಲೇ. ಆ ಜಾಗವನ್ನು ಚೂಪಾದ ಸಲಕರಣೆಯಿಂದ ಕೆರೆದು ನೋಡಬಾರದು. ಮೇಲಿನ ತೆಳು ಪದರ ಮುರಿದರೆ, ಉಳಿಯಬೇಕಾಗಿದ್ದ ಹಲ್ಲು ತೂತಾಗುತ್ತದೆ.

ಪೊಟ್ಟಣ ತೆರೆದ ಮೇಲೆ ಚೆನ್ನಾಗಿ ಕಲಕಬೇಕು. ಫ್ಲೋರೈಡ್ ಪುಡಿ ತಳದಲ್ಲಿ ಕೂತಿರಬಹುದು. ಸುಮ್ನೆ ಮೇಲಿನದನ್ನು ಹಚ್ಚಿದರೆ ಬರೀ ಅಂಟು ಹಚ್ಚಿದ ಹಾಗೆ. ತೆಳುವಾಗಿ ಒಂದು ಪದರ ಸಾಕು. ಹಲ್ಲು ಪೂರ್ತಿ ಒಣಗಿರಬೇಕು ಅಂತಲೂ ಇಲ್ಲ, ಜೊಲ್ಲು ತಾಗಿದರೇ ಅದು ಗಟ್ಟಿಯಾಗುವುದು.

ಇನ್ನು ಅಸಲು ಕೆಲಸ. ವಾರ್ನಿಶ್ ಅನ್ನು ಬಣ್ಣದ ಕೋಟಿನ ಥರ ಹಲ್ಲು ಮುಚ್ಚಿ ಕಾಯುವ ವಸ್ತು ಎಂದು ಬಹಳ ಜನ ತಿಳಿದಿದ್ದಾರೆ. ಆ ಪದರ ಬೇಗ ಸವೆದುಹೋಗುತ್ತದೆ. ಅಷ್ಟರೊಳಗೆ ಫ್ಲೋರೈಡ್ ಕರಗಿ, ಜೊಲ್ಲಿನ ಮತ್ತು ಹಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ, ಕ್ಯಾಲ್ಸಿಯಂ ಫ್ಲೋರೈಡ್‌ನ ಸಣ್ಣ ಸಣ್ಣ ಗುಂಡುಗಳಾಗಿ ಹಲ್ಲಿನ ಮೇಲೂ ಬಿಳಿ ಕಲೆಯ ರಂಧ್ರಗಳಲ್ಲೂ ಕೂರುತ್ತದೆ. ಜೊಲ್ಲಿನ ಫಾಸ್ಫೇಟ್ ಮತ್ತು ಪ್ರೋಟೀನ್ ಅದರ ಮೇಲೆ ಕವಚ ಕಟ್ಟುವುದರಿಂದ ಕೂಡಲೇ ಕರಗುವುದಿಲ್ಲ. ಬರಗಾಲಕ್ಕೆಂದು ಹಗೇವಿನಲ್ಲಿ ಇಟ್ಟ ರಾಗಿಯಂತೆ ಅಲ್ಲೇ ಇರುತ್ತದೆ. ಮಗು ಬಿಸ್ಕತ್ತು ತಿಂದಿತು, ಬ್ಯಾಕ್ಟೀರಿಯಾ ಆಮ್ಲ ಮಾಡಿತು ಅನ್ನಿ. ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕರಗತೊಡಗುತ್ತದೆ. ಆಗಲೇ ಈ ಗುಂಡುಗಳಿಂದ ಫ್ಲೋರೈಡ್ ಹೊರಬರುವುದು. ಅದು ಕರಗುವಿಕೆಯನ್ನು ತಡೆಯುತ್ತದೆ, ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತೆ ಹಲ್ಲಿಗೆ ಸೇರುವಂತೆ ಮಾಡುತ್ತದೆ. ಹೀಗೆ ಹೊಸದಾಗಿ ಕೂತ ಖನಿಜ ಮೊದಲಿನದಕ್ಕಿಂತ ಆಮ್ಲಕ್ಕೆ ಜಾಸ್ತಿ ತಡೆಯುತ್ತದೆ.

ಹಾಗಾದರೆ ಕ್ಯಾಲ್ಸಿಯಂ ಅನ್ನೂ ವಾರ್ನಿಶ್‌ಗೇ ಸೇರಿಸಬಹುದಲ್ವಾ? ಸೇರಿಸಿದವು ಬಂದಿವೆ. ತೊಡಕೆಂದರೆ ಕ್ಯಾಲ್ಸಿಯಂ, ಫ್ಲೋರೈಡ್ ಎರಡೂ ಪೊಟ್ಟಣದೊಳಗೇ ಕೂಡಿಕೊಂಡರೆ ಬಾಯಿಗೆ ಬರುವಷ್ಟರಲ್ಲಿ ಕೆಲಸಕ್ಕೆ ಬಾರದಂತಾಗುತ್ತವೆ. ಅದಕ್ಕೆ ಕೆಲವದರಲ್ಲಿ ಹಾಲಿನ ಕೇಸೀನ್‌ನಿಂದ ತೆಗೆದ ಪ್ರೋಟೀನ್ ಕ್ಯಾಲ್ಸಿಯಂ ಫಾಸ್ಫೇಟನ್ನು ಹಿಡಿದಿಟ್ಟುಕೊಂಡಿರುತ್ತದೆ. ಹಾಲಿನ ಅಲರ್ಜಿ ಇರುವ ಮಗುವಿಗೆ ಅದು ಬೇಡವೇ ಬೇಡ. ನಾನು ಹೆಚ್ಚಾಗಿ ಸಾದಾ ವಾರ್ನಿಶನ್ನೇ ಬಳಸುತ್ತೇನೆ. ಜೊಲ್ಲು ಚೆನ್ನಾಗಿ ಬರುವ ಮಗುವಿಗೆ ಬೇಕಾದ ಕ್ಯಾಲ್ಸಿಯಂ ಬಾಯಲ್ಲೇ ಇರುತ್ತದೆ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆಯಾಗುತ್ತದೆ. ಬಾಟಲಿಯಲ್ಲಿ ಸಕ್ಕರೆ ಹಾಲು ಕುಡಿಯುತ್ತಾ ಮಲಗುವ ಮಗುವಿಗೆ ಎಷ್ಟು ವಾರ್ನಿಶ್ ಹಚ್ಚಿದರೂ ಸಾಲುವುದಿಲ್ಲ ಎಂದು ನಾನು ಕಡ್ಡಿ ಮುರಿದಂತೆ ಹೇಳುವುದು ಅದಕ್ಕೇ.

ಹಚ್ಚಿದ ದಿನ ಮೆತ್ತಗಿನ, ಬಿಸಿಯಿಲ್ಲದ ಊಟ. ಬ್ರಷ್ ಮಾರನೇ ದಿನ. ಮೂರು ತಿಂಗಳಾದ ಮೇಲೆ ಮತ್ತೆ ಒರೆಸಿ ನೋಡುತ್ತೇನೆ. ಮಂಕಾಗಿ ಒರಟಾಗಿದ್ದ ಗೆರೆ ಹೊಳಪು ಬಂದು ನುಣುಪಾಗಿದ್ದರೆ ಹುಳುಕು ನಿಂತಿದೆ ಎಂದರ್ಥ. ಬಿಳಿ ಬಣ್ಣ ಹಾಗೇ ಉಳಿದಿರಬಹುದು, ಅದಕ್ಕೆ ಚಿಂತೆ ಬೇಡ. ಗೆರೆ ಇದ್ದಲ್ಲಿ ಗುಂಡಿ ಬಿದ್ದಿದ್ದರೆ ಮಾತ್ರ ವಾರ್ನಿಶ್ ಒಂದನ್ನೇ ನಂಬಿ ಕೂರುವಂತಿಲ್ಲ, ಬೇರೆ ಚಿಕಿತ್ಸೆ ಬೇಕು.